ಪಾಷಂಡಿ ಅಂದರೆ ಯಾರು?

ಪ್ರಶ್ನೆ: ನಮ್ಮ ಚಿಕ್ಕಪ್ಪ ಪೂಜೆ, ಸಂಧ್ಯಾವಂದನೆ ಎಲ್ಲ ಬಿಟ್ಟವರು. ನಮ್ಮ ತಂದೆಯವರು ಅವರನ್ನು ಇವತ್ತಿಗೂ ‘ಪಾಷಂಡಿ’ ಅಂತಲೇ ಬಯ್ಯುತ್ತಾರೆ. ಮೊನ್ನೆ ಮಗಳ ಜೊತೆ ಕೂತು ಅಶೋಕನ ಶಾಸನಗಳ ಬಗ್ಗೆ ಓದುತ್ತಿದ್ದೆ. ಅಲ್ಲಿ ‘ರಾಜನು ಎಲ್ಲ ಪಾಷಂಡಗಳನ್ನೂ ಗೌರವಿಸುತ್ತಾನೆ’ ಎಂದು ಇತ್ತು. ‘ಇದು ಅಜ್ಜ ಬಯ್ಯೋ ಪದ ಅಲ್ವಾ?’ ಎಂದು ಮಗಳು ಕೇಳಿದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಎರಡೂ ಒಂದೇ ಪದವೇ?
— ಓದುಗರು, ದಾವಣಗೆರೆ

ಉತ್ತರ: ಒಂದೇ ಪದ. ನಿಮ್ಮ ಮಗಳು ಸರಿಯಾಗಿ ಹಿಡಿದಿದ್ದಾಳೆ. ಅಶೋಕನ ಮಾತಿಗೂ ನಿಮ್ಮ ತಂದೆಯವರ ಬೈಗುಳಕ್ಕೂ ನಡುವೆ ಎರಡು ಸಾವಿರ ವರ್ಷಕ್ಕೂ ಜಾಸ್ತಿ ಕಾಲ ಇದೆ. ಅಷ್ಟರಲ್ಲಿ ಈ ಪದದ ಅರ್ಥ ಪೂರ್ತಿ ಆ ಕಡೆಯಿಂದ ಈ ಕಡೆಗೆ ಬಂದುಬಿಟ್ಟಿದೆ.

ಮೊದಲು ಅಶೋಕನ ಕಾಲಕ್ಕೆ ಹೋಗೋಣ. ಅಂದರೆ ಕ್ರಿ.ಪೂ. 3ನೇ ಶತಮಾನ. ಅವನ ಶಾಸನಗಳ ಭಾಷೆ ಪ್ರಾಕೃತ, ಅಲ್ಲಿ ಈ ಪದ ‘ಪಾಸಂಡ’. ಒಂದು ಬೋಧನೆಯನ್ನು ನಂಬಿ ಒಟ್ಟಾಗಿರುವ ಗುಂಪು, ಒಂದು ಪಂಥ, ಇಷ್ಟೇ ಅದರ ಅರ್ಥ. ಒಳ್ಳೆಯದು ಕೆಟ್ಟದ್ದು ಎಂಬ ಮಾತೇ ಅದರಲ್ಲಿಲ್ಲ. ದೆಹಲಿಯಲ್ಲಿ ಈಗಿರುವ ತೋಪ್ರಾ ಕಂಬದ 7ನೇ ಶಾಸನದಲ್ಲಿ ಅಶೋಕ ತನ್ನ ಧರ್ಮಮಹಾಮಾತ್ರರು, ಅಂದರೆ ಧರ್ಮದ ಕೆಲಸ ನೋಡಿಕೊಳ್ಳುವ ಅಧಿಕಾರಿಗಳು, ಯಾರ ಯಾರ ಯೋಗಕ್ಷೇಮ ನೋಡಿಕೊಳ್ಳಬೇಕು ಎಂದು ಹೇಳುತ್ತಾನೆ. ಬೌದ್ಧ ಸಂಘ, ಬ್ರಾಹ್ಮಣರು, ಆಜೀವಿಕರು ಎಂಬ ಆ ಕಾಲದ ಇನ್ನೊಂದು ಪಂಥದ ಸನ್ಯಾಸಿಗಳು, ನಿರ್ಗ್ರಂಥರು ಅಂದರೆ ಜೈನ ಮುನಿಗಳು, ಜೊತೆಗೆ ಬೇರೆ ಬೇರೆ ಪಾಸಂಡಗಳು. ಎಲ್ಲರೂ ಒಂದೇ ಸಾಲಿನಲ್ಲಿದ್ದಾರೆ. ಅವನು ತಾನೇ ನಂಬಿದ ಬೌದ್ಧ ಸಂಘವೂ ಆ ಸಾಲಿನಲ್ಲೇ ಇದೆ.

ಇದಕ್ಕಿಂತ ಮುಖ್ಯವಾದದ್ದು ಅವನ 12ನೇ ಬಂಡೆ ಶಾಸನ. ಇಡೀ ಶಾಸನವೇ ಪಾಸಂಡಗಳ ಬಗ್ಗೆ. ಅಲ್ಲಿ ಎರಡು ಪದಗಳು ಜೋಡಿಯಾಗಿ ಬರುತ್ತವೆ. ‘ಆತ್ಪಪಾಸಂಡ’ ಅಂದರೆ ತನ್ನ ಪಂಥ, ‘ಪರಪಾಸಂಡ’ ಅಂದರೆ ಬೇರೆಯವರ ಪಂಥ. ದಯವಿಟ್ಟು ಈ ಜೋಡಿಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ಇಡೀ ಕಥೆ ಇದರ ಮೇಲೇ ನಿಂತಿದೆ. ದಾನ ಕೊಡುವುದಕ್ಕಿಂತ, ಪೂಜಿಸುವುದಕ್ಕಿಂತ ಎಲ್ಲ ಪಂಥಗಳ ಸಾರ ಬೆಳೆಯುವುದು ದೊಡ್ಡದು ಎನ್ನುತ್ತಾನೆ ಅಶೋಕ. ಆ ಬೆಳವಣಿಗೆಗೆ ಬೇರು ಯಾವುದು? ‘ವಚಿಗುತಿ’, ಅಂದರೆ ಮಾತಿನ ಮೇಲೆ ಹಿಡಿತ. ಸಮಯ ಸಂದರ್ಭ ಇಲ್ಲದೆ ತನ್ನ ಪಂಥವನ್ನು ಹೊಗಳಬಾರದು, ಇನ್ನೊಬ್ಬರದ್ದನ್ನು ತೆಗಳಬಾರದು. ತನ್ನ ಪಂಥದ ಮೇಲಿನ ಪ್ರೀತಿಗಾಗಿಯೇ ಬೇರೆಯವರದ್ದನ್ನು ಹಳಿಯುವವನು ಕೊನೆಗೆ ತನ್ನದಕ್ಕೇ ಪೆಟ್ಟು ಕೊಡುತ್ತಾನೆ ಎಂದೂ ಹೇಳುತ್ತಾನೆ. ಒಟ್ಟಿಗೆ ಸೇರುವುದೇ ಒಳ್ಳೆಯದು, ಒಬ್ಬರ ಧರ್ಮವನ್ನು ಒಬ್ಬರು ಕೇಳಬೇಕು. ಗಿರ್ನಾರ್ ಬಂಡೆಯ ಮೇಲೆ ಈ ಮಾತು ‘ಸಮವಾಯೋ ಏವ ಸಾಧು’ ಎಂದಿದೆ. ಸಾಧು ಅಂದರೆ ಒಳ್ಳೆಯದು, ಇದಕ್ಕೆ ಅನುವಾದವೇ ಬೇಕಾಗಿಲ್ಲ, ಅಲ್ವಾ?

ಈ 12ನೇ ಶಾಸನ ನಮ್ಮಲ್ಲೂ ಇದೆ. ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರ, ಕೊಪ್ಪಳದಲ್ಲಿ ಸಿಕ್ಕಿರುವುದು ಅಶೋಕನ ಸಣ್ಣ ಶಾಸನಗಳು. ಆದರೆ ಕಲಬುರಗಿ ಜಿಲ್ಲೆಯಲ್ಲಿ ಭೀಮಾ ನದಿಯ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಒಂದು ಘಟನೆ ನಡೆಯಿತು. ಚಂದ್ರಲಾಂಬಾ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಮಾಡು ಕುಸಿದುಬಿತ್ತು. ವಿಗ್ರಹದ ಕೆಳಗಿದ್ದ ಪೀಠದ ಕಲ್ಲನ್ನು ನೋಡಿದರೆ ಅದರ ಎರಡೂ ಮುಖದ ಮೇಲೆ ಬ್ರಾಹ್ಮಿ ಅಕ್ಷರ! ಅಶೋಕನ 12 ಮತ್ತು 14ನೇ ಶಾಸನಗಳು, ಜೊತೆಗೆ ಎರಡು ಪ್ರತ್ಯೇಕ ಶಾಸನಗಳು. ಕಲ್ಲು ಪೂರ್ತಿಯಾಗಿ ಉಳಿದಿಲ್ಲ, ಅಕ್ಷರಗಳು ಅಲ್ಲಲ್ಲಿ ಹೋಗಿವೆ. ಆದರೂ ಬೇರೆಯವರ ಪಂಥವನ್ನು ಹಳಿಯಬೇಡಿ ಎನ್ನುವ ಕಲ್ಲು ಎಷ್ಟೋ ಕಾಲ ಒಂದು ಗುಡಿಯ ದೇವಿಯನ್ನು ಹೊತ್ತು ನಿಂತಿತ್ತು ಎನ್ನುವುದು ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ.

ಇನ್ನೊಂದು ತುದಿಗೆ ಹೋದರೆ ಅಫ್ಘಾನಿಸ್ತಾನದ ಕಂದಹಾರ್. ಅಲ್ಲಿ ಗ್ರೀಕ್ ಮಾತಾಡುವ ಜನ ಇದ್ದರು, ಹಾಗಾಗಿ ಅಶೋಕ ಅವರಿಗೆ ಗ್ರೀಕಿನಲ್ಲೇ ಬರೆಸಿದ. 12ನೇ ಶಾಸನದ ಕೊನೆಯ ಭಾಗ ಅಲ್ಲಿ ಗ್ರೀಕಿನಲ್ಲಿ ಸಿಕ್ಕಿದೆ. ‘ಪಾಸಂಡ’ಕ್ಕೆ ಆ ಅನುವಾದಕ ಯಾವ ಗ್ರೀಕ್ ಪದ ಹಾಕಿದ ಗೊತ್ತಾ? ‘ಡಯಾಟ್ರಿಬೆ’. ತತ್ವಜ್ಞಾನಿಯೊಬ್ಬನ ಸುತ್ತ ಕೂತು ಕಲಿಯುವ ಗುಂಪಿಗೆ, ಆ ಕಲಿಕೆಗೆ ಗ್ರೀಕರು ಬಳಸುತ್ತಿದ್ದ ಪದ ಅದು. ಆ ಕಾಲದಲ್ಲೇ ಎರಡೂ ಭಾಷೆ ಬಲ್ಲ ಒಬ್ಬ ಮನುಷ್ಯ ಪಾಸಂಡ ಅಂದರೆ ಹೀಗೆ ಎಂದು ಅರ್ಥ ಮಾಡಿಕೊಂಡಿದ್ದ. ನಮಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಆ ಗ್ರೀಕ್ ಪದದ ಗತಿಯೂ ಹೀಗೇ ಆಯಿತು. ಇವತ್ತಿನ ಇಂಗ್ಲಿಷಿನಲ್ಲಿ ‘ಡಯಾಟ್ರೈಬ್’ ಅಂದರೆ ಒಬ್ಬರ ಮೇಲೆ ಹರಿಹಾಯುವ ಕಟುವಾದ ಮಾತು.

ಅಶೋಕನ ನಂತರವೂ ಸ್ವಲ್ಪ ಕಾಲ ಈ ಪದಕ್ಕೆ ಮರ್ಯಾದೆ ಇತ್ತು. ಭುವನೇಶ್ವರದ ಹತ್ತಿರ ಹಾಥಿಗುಂಫಾ ಶಾಸನದಲ್ಲಿ ಕಳಿಂಗದ ಖಾರವೇಲನನ್ನು ‘ಸವಪಾಸಂಡಪೂಜಕ’ ಎಂದು ಹೊಗಳಿದ್ದಾರೆ, ಎಲ್ಲ ಪಂಥಗಳನ್ನೂ ಪೂಜಿಸುವವನು ಅಂತ. ಖಾರವೇಲ ಜೈನ. ಅವನಿಗೆ ಅದು ಬಿರುದು.

ಹಾಗಾದರೆ ಪದದ ಅರ್ಥ ತಿರುಗಿದ್ದು ಹೇಗೆ? ಒಂದೇ ದಿನ ಆದದ್ದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಊರು ಕಟ್ಟುವ ವಿಚಾರ ಬರುವಾಗ ಪಾಷಂಡರಿಗೂ ಚಂಡಾಲರಿಗೂ ಸ್ಮಶಾನದ ಅಂಚಿನಲ್ಲಿ ಜಾಗ ಹೇಳಿದೆ. ಮನುಸ್ಮೃತಿಯ 4ನೇ ಅಧ್ಯಾಯದಲ್ಲಿ ಪಾಷಂಡಿಗಳನ್ನು ಬರೀ ಮಾತಿನಿಂದ ಕೂಡ ಗೌರವಿಸಬಾರದು ಎಂದಿದೆ. 9ನೇ ಅಧ್ಯಾಯದಲ್ಲಿ ಜೂಜುಕೋರರ ಜೊತೆ ಸೇರಿಸಿ ಅವರನ್ನು ಊರಿಂದಲೇ ಓಡಿಸಬೇಕು ಎಂದಿದೆ. ಅಶೋಕ ‘ಒಬ್ಬರ ಮಾತು ಒಬ್ಬರು ಕೇಳಿ’ ಎಂದಿದ್ದ, ಇಲ್ಲಿ ಮಾತೇ ಆಡಬೇಡ ಎನ್ನುವ ಹಂತಕ್ಕೆ ಬಂತು.

ವಿಷ್ಣುಪುರಾಣದ ಒಂದು ಕಥೆ ಕೇಳಿ. ಶತಧನು ಎಂಬ ರಾಜ, ಅವನ ಹೆಂಡತಿ ಶೈಬ್ಯೆ. ಇಬ್ಬರೂ ಕಾರ್ತಿಕ ಮಾಸದಲ್ಲಿ ಉಪವಾಸ ಇದ್ದು ಗಂಗೆಯಲ್ಲಿ ಮಿಂದು ಮೇಲೆ ಬರುತ್ತಾರೆ. ಎದುರಿಗೆ ಒಬ್ಬ ಪಾಷಂಡಿ ಬರುತ್ತಾನೆ. ಅವನು ರಾಜನಿಗೆ ಬಿಲ್ಲುವಿದ್ಯೆ ಕಲಿಸಿದ ಗುರುವಿನ ಸ್ನೇಹಿತ. ಗುರುವಿನ ಮೇಲಿನ ಗೌರವಕ್ಕೆ ರಾಜ ಅವನ ಜೊತೆ ನಾಲ್ಕು ಮಾತು ಆಡುತ್ತಾನೆ. ರಾಣಿ ಮಾತಾಡದೆ ಸೂರ್ಯನನ್ನು ನೋಡುತ್ತಾಳೆ. ಅಷ್ಟಕ್ಕೇ ರಾಜ ಮುಂದಿನ ಜನ್ಮದಲ್ಲಿ ನಾಯಿಯಾಗಿ ಹುಟ್ಟುತ್ತಾನೆ, ಆಮೇಲೆ ನರಿ, ತೋಳ, ಹದ್ದು, ಕಾಗೆ, ನವಿಲು. ಪ್ರತಿ ಸಲವೂ ಹಿಂದಿನದ್ದು ನೆನಪಿರುವ ಅವನ ಹೆಂಡತಿಯೇ ಅವನನ್ನು ಹುಡುಕಿ ಎಚ್ಚರಿಸಬೇಕು. ಕಥೆಯಾಗಿ ಇದು ಮನಸ್ಸು ಕಲಕುತ್ತದೆ, ಆ ರಾಣಿಯ ತಾಳ್ಮೆ ದೊಡ್ಡದು. ಆದರೆ ನನಗೆ ಪ್ರತಿ ಸಲ ಓದಿದಾಗಲೂ ನೋವಾಗುವುದು ಆ ರಾಜನ ತಪ್ಪು ಏನು ಎಂದು ನೋಡಿದಾಗ. ಗುರುವಿನ ಸ್ನೇಹಿತನಿಗೆ ಮರ್ಯಾದೆ ಕೊಟ್ಟದ್ದು, ಅಷ್ಟೇ.

ನನ್ನ ಅಭಿಪ್ರಾಯ ಹೇಳುತ್ತೇನೆ. ಪದ ಕೆಟ್ಟದ್ದು ‘ಪರಪಾಸಂಡ’ದಿಂದ ಅಲ್ಲ. ‘ಆತ್ಪಪಾಸಂಡ’ ಕಳೆದುಹೋದದ್ದರಿಂದ. ನನ್ನದೂ ಒಂದು ಪಂಥ, ಅವರದ್ದೂ ಒಂದು ಪಂಥ ಎನ್ನುವವರೆಗೆ ಪದ ಆರೋಗ್ಯವಾಗಿತ್ತು. ಯಾವಾಗ ‘ನನ್ನದು ಧರ್ಮ, ಅವರದ್ದು ಪಾಷಂಡ’ ಎಂದಾಯಿತೋ ಆಗ ಜೋಡಿಯಲ್ಲಿ ಒಂದು ಸತ್ತುಹೋಯಿತು, ಉಳಿದದ್ದು ಬೈಗುಳವಾಯಿತು. ಇದನ್ನು ವೈದಿಕರು ಮಾತ್ರ ಮಾಡಿದರು ಎಂದು ತಿಳಿಯಬೇಡಿ. ಬೌದ್ಧರ ಪಾಲಿ ಗ್ರಂಥಗಳಲ್ಲೂ ಪಾಸಂಡ ಅಂದರೆ ಮುಂದೆ ಮುಂದೆ ಹೊರಗಿನವರ ತಪ್ಪು ಮತ. ಜೈನರಲ್ಲಿ ಎರಡೂ ಅರ್ಥ ಅಕ್ಕಪಕ್ಕ ಸಿಗುತ್ತವೆ. ಕುಂದಕುಂದಾಚಾರ್ಯರ ಸಮಯಸಾರದಲ್ಲಿ ‘ಪಾಸಂಡಿ ಲಿಂಗ’ ಅಂದರೆ ಸನ್ಯಾಸಿಯ ಗುರುತು, ಅದರ ಎದುರು ‘ಗೃಹಿ ಲಿಂಗ’, ಸಂಸಾರಿಯ ಗುರುತು. ಬೈಗುಳವೇ ಅಲ್ಲ. ಆದರೆ ಜೈನರೇ ಹೇಳುವ ಮೂರು ಮೂಢತೆಗಳಲ್ಲಿ ಲೋಕಮೂಢತೆ, ದೇವಮೂಢತೆ ಆದಮೇಲೆ ಮೂರನೆಯದು ಪಾಷಂಡಿಮೂಢತೆ. ಸಂಸಾರದಲ್ಲೇ ಮುಳುಗಿದ ಹುಸಿ ಸನ್ಯಾಸಿಗಳನ್ನು ಗುರು ಎಂದು ನಂಬುವ ಮೌಢ್ಯ ಅದು.

ಈಗ ನಮ್ಮ ಶ್ರವಣಬೆಳಗೊಳಕ್ಕೆ ಬನ್ನಿ. ಭಂಡಾರಿ ಬಸದಿಯಲ್ಲಿ 1368ರ ಒಂದು ಶಾಸನ ಇದೆ, ವಿಜಯನಗರದ ಬುಕ್ಕರಾಯನದು. ಶಾಲೆಯಲ್ಲಿ ನಾವೆಲ್ಲ ಇದರ ಬಗ್ಗೆ ಓದಿದ್ದೇವೆ. ಆನೆಗೊಂದಿ, ಪೆನುಗೊಂಡೆ ಮುಂತಾದ ಕಡೆಯ ಜೈನರು ರಾಜನ ಹತ್ತಿರ ಬಂದು, ಭಕ್ತರು ಅಂದರೆ ಶ್ರೀವೈಷ್ಣವರು ತಮಗೆ ಅನ್ಯಾಯ ಮಾಡುತ್ತಿದ್ದಾರೆ ಎಂದು ದೂರು ಕೊಟ್ಟರು. ರಾಜ ಎರಡೂ ಕಡೆಯವರನ್ನು ಕರೆಸಿದ. ಜೈನರ ಕೈಹಿಡಿದು ವೈಷ್ಣವರ ಕೈಯಲ್ಲಿಟ್ಟ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದ ಇಲ್ಲ ಎಂದ. ಜೈನರಿಗೆ ಹಿಂದಿನಂತೆಯೇ ಪಂಚಮಹಾವಾದ್ಯ, ಕಳಶ ಸಲ್ಲಬೇಕು. ಜೈನರಿಗೆ ಹಾನಿಯಾದರೆ ವೈಷ್ಣವರು ಅದನ್ನು ತಮಗೇ ಆದ ಹಾನಿ ಎಂದು ತಿಳಿಯಬೇಕು. ಮಾತು ಇಷ್ಟಕ್ಕೇ ನಿಲ್ಲಲಿಲ್ಲ, ಲೆಕ್ಕವೂ ಇದೆ. ಜೈನರು ಮನೆಗೆ ವರ್ಷಕ್ಕೆ ಒಂದು ಹಣ ಕೊಡಬೇಕು. ಆ ದುಡ್ಡಿನಲ್ಲಿ ಬೆಳಗೊಳದ ದೇವರಿಗೆ 20 ಜನ ಕಾವಲಿನವರನ್ನು ಇಡಬೇಕು. ಉಳಿದ ದುಡ್ಡಿನಲ್ಲಿ ಹಾಳಾದ ಬಸದಿಗಳಿಗೆ ‘ಸೊದೆ’ ಅಂದರೆ ಸುಣ್ಣ ಬಳಿಸಬೇಕು. ಇದನ್ನೆಲ್ಲ ನಡೆಸುವ ಹೊಣೆ ಒಬ್ಬ ವೈಷ್ಣವನದ್ದು, ತಿರುಮಲೆಯ ತಾತಯ್ಯನದ್ದು.

ಇಷ್ಟು ಒಳ್ಳೆಯ ಶಾಸನ ಶುರುವಾಗುವುದು ಯಾವ ಮಾತಿನಿಂದ ಗೊತ್ತಾ? ರಾಮಾನುಜರನ್ನು ಹೊಗಳುವ ಒಂದು ಸಂಸ್ಕೃತ ಶ್ಲೋಕದಿಂದ. ಅದರ ಮೊದಲ ಸಾಲು: ‘ಪಾಷಂಡ ಸಾಗರ ಮಹಾ ವಡವಾಮುಖಾಗ್ನಿಃ’. ಪಾಷಂಡರೆಂಬ ಸಮುದ್ರವನ್ನು ಒಳಗಿನಿಂದ ಸುಡುವ ಬಡಬಾಗ್ನಿ ಇವರು ಅಂತ. ಆ ಕಾಲದಲ್ಲಿ ಪಾಷಂಡರು ಎಂದರೆ ಅದರಲ್ಲಿ ಜೈನರೂ ಬರುತ್ತಿದ್ದರು. ಅಂದರೆ ಜೈನರನ್ನು ಕಾಪಾಡುತ್ತೇವೆ ಎಂದು ಬರೆದುಕೊಟ್ಟ ಕಲ್ಲಿನ ತಲೆಯ ಮೇಲೇ ಈ ಪದ ಇದೆ, ಅದೂ ಜೈನರದ್ದೇ ಬಸದಿಯಲ್ಲಿ.

ಈ ಶಾಸನವನ್ನು ಮೊದಲ ಸಲ ಪೂರ್ತಿ ಓದಿದಾಗ ನಾನು ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಶಾಲೆಯ ಪುಸ್ತಕದಲ್ಲಿ ಒಪ್ಪಂದದ ಕಥೆ ಇತ್ತು, ಈ ಸಾಲು ಇರಲಿಲ್ಲ. ಈಗ ನನಗೆ ಅನಿಸುವುದು ಹೀಗೆ. ಶ್ರೀವೈಷ್ಣವರ ಕಡೆಯಿಂದ ಬಂದ ಬರಹಕ್ಕೆ ಗುರುವಿನ ಸ್ತುತಿ ಮೊದಲು ಇರಬೇಕು, ಅದು ಅವರ ಪದ್ಧತಿ. ಬರೆದವರಿಗೆ ಅದರಲ್ಲಿ ತಪ್ಪು ಕಂಡಿರಲಾರದು. ಆದರೆ ಶ್ಲೋಕ ಮುಗಿದು ಕನ್ನಡ ಶುರುವಾದ ಮೇಲೆ ಒಪ್ಪಂದದ ಮಾತಿನಲ್ಲಿ ಜೈನರನ್ನು ಕರೆಯುವ ರೀತಿಯೇ ಬೇರೆ. ಅಲ್ಲಿ ಅವರು ‘ಜೈನರು’, ‘ಭವ್ಯಜನ’, ಅವರದ್ದು ‘ಜೈನ ದರ್ಶನ’. ಎದುರಿಗೆ ಕೈಹಿಡಿದು ನಿಂತ ಮನುಷ್ಯನನ್ನು ಕರೆಯುವಾಗ ಅವನು ತನ್ನನ್ನು ತಾನು ಕರೆದುಕೊಳ್ಳುವ ಹೆಸರೇ ಬಂತು. ನಿಮ್ಮ ಮಗಳಿಗೆ ಎರಡು ಕಲ್ಲುಗಳನ್ನೂ ತೋರಿಸಿ, ಸಾಧ್ಯವಾದರೆ ಸನ್ನತಿಗೂ ಬೆಳಗೊಳಕ್ಕೂ ಕರೆದುಕೊಂಡು ಹೋಗಿ. ಬರುವಾಗ ಚಿಕ್ಕಪ್ಪನವರನ್ನೂ ಕರೆಯಿರಿ.

ಪ್ರಶ್ನೆ: ಪಾಖಂಡಿ, ಪಾಷಂಡಿ ಎರಡರಲ್ಲಿ ಯಾವುದು ಸರಿ ಸರ್? ‘ಪಾ’ ಅಂದರೆ ವೇದ, ಅದನ್ನು ಖಂಡಿಸುವವನು ಪಾಖಂಡಿ ಎಂದು ಪ್ರವಚನದಲ್ಲಿ ಕೇಳಿದೆ.
— ಓದುಗರು, ಬೀದರ್

ಉತ್ತರ: ಎರಡೂ ಒಂದೇ. ಉತ್ತರ ಭಾರತದಲ್ಲಿ ‘ಷ’ವನ್ನು ಹಲವು ಕಡೆ ‘ಖ’ ಎಂದು ಓದುವ ರೂಢಿ ಇದೆ. ಭಾಷಾ ಅನ್ನುವುದು ಭಾಖಾ ಆಗುತ್ತದೆ, ವರ್ಷಾ ಅನ್ನುವುದು ಬರಖಾ ಆಗುತ್ತದೆ. ಹಾಗೆಯೇ ಪಾಷಂಡ ಪಾಖಂಡ ಆಯಿತು. ನಿಮ್ಮ ಕಡೆ ಹಿಂದಿ, ಮರಾಠಿ ಎರಡೂ ಹತ್ತಿರ, ಹಾಗಾಗಿ ಪಾಖಂಡಿ ಜಾಸ್ತಿ ಕೇಳಿಸುತ್ತದೆ. ಹಿಂದಿಯಲ್ಲಿ ಈಗ ಅದಕ್ಕೆ ಮತದ ಸಂಬಂಧವೇ ಕಡಿಮೆ, ಒಳಗೊಂದು ಹೊರಗೊಂದು ಇರುವ ಢೋಂಗಿ ಎಂಬ ಅರ್ಥವೇ ಮುಂದು.

ಪ್ರವಚನದಲ್ಲಿ ಕೇಳಿದ ವಿವರಣೆಗೆ ಹಳೆಯ ಶ್ಲೋಕವೇ ಇದೆ. ಕಾಪಾಡುವುದರಿಂದ ವೇದಧರ್ಮಕ್ಕೆ ‘ಪಾ’ ಎಂದು ಹೆಸರು, ಅದನ್ನು ಖಂಡಿಸುವವರು ಪಾಖಂಡರು. ಭಾಗವತದ 4ನೇ ಸ್ಕಂಧದಲ್ಲಿ ಇನ್ನೊಂದು ವಿವರಣೆ ಸಿಗುತ್ತದೆ. ಪೃಥು ರಾಜನ ಯಜ್ಞದ ಕುದುರೆ ಕದಿಯಲು ಇಂದ್ರ ಹಾಕಿದ ವೇಷಗಳು ಪಾಪದ ‘ಖಂಡ’ಗಳು, ಇಲ್ಲಿ ಖಂಡ ಅಂದರೆ ಗುರುತು. ಎರಡು ಗ್ರಂಥಗಳು ಎರಡು ಥರ ಬಿಡಿಸಿ ಹೇಳುತ್ತಿವೆ ಅಂದರೆ ಅಷ್ಟರಲ್ಲಿ ನಿಜವಾದ ಮೂಲ ಮರೆತುಹೋಗಿತ್ತು ಎಂದೇ ಅರ್ಥ. ಎರಡೂ ವಿವರಣೆ ‘ಖ’ ಇದ್ದರೆ ಮಾತ್ರ ನಡೆಯುತ್ತವೆ, ‘ಷ’ ಇದ್ದರೆ ಬಿದ್ದುಹೋಗುತ್ತವೆ. ಅಶೋಕನ ಶಾಸನಗಳಲ್ಲಿ ಈ ಪದಕ್ಕೆ ‘ಖ’ ಇಲ್ಲ.

ಕೆಲವು ವಿದ್ವಾಂಸರು ಇದನ್ನು ‘ಪಾರ್ಷದ’ದ ಜೊತೆ ಸೇರಿಸುತ್ತಾರೆ. ಪಾರ್ಷದ ಅಂದರೆ ಪರಿಷತ್ತಿಗೆ ಸೇರಿದವನು. ನಮ್ಮ ಸಾಹಿತ್ಯ ಪರಿಷತ್ತಿನ ಪರಿಷತ್ತೇ. ನನಗೂ ಇದೇ ಹತ್ತಿರ ಅನಿಸುತ್ತದೆ. ಯಾಕೆಂದರೆ ಈಗ ಪಾಕಿಸ್ತಾನದಲ್ಲಿರುವ ಶಾಹಬಾಜಗಢಿಯ ಬಂಡೆಯ ಮೇಲೆ ಅಶೋಕನ ಇದೇ ಪದ ‘ಪ್ರಷಂಡ’ ಎಂದಿದೆ. ಆ ಕಡೆಯ ಪ್ರಾಕೃತ ‘ರ’ಕಾರವನ್ನು ಬಿಡದೆ ಉಳಿಸಿಕೊಂಡಿತ್ತು. ಒಳಗೆ ಒಂದು ‘ರ’ ಇದ್ದ ಪದ ಇದು ಎನ್ನುವುದಕ್ಕೆ ಅದು ಗುರುತು.

ಪ್ರಶ್ನೆ: ವಚನಗಳಲ್ಲಿ ಬರುವ ‘ಭವಿ’ ಕೂಡ ಹೊರಗಿನವರನ್ನು ಬಯ್ಯುವ ಪದವೇ? ನಾವು ಲಿಂಗಾಯತರು, ಕಾಲೇಜಿನಲ್ಲಿ ಗೆಳತಿ ಕೇಳಿದಳು, ನನಗೆ ಸ್ವಲ್ಪ ಮುಜುಗರವಾಯಿತು.
— ಓದುಗರು, ಬಾಗಲಕೋಟೆ

ಉತ್ತರ: ಮುಜುಗರ ಬೇಡಮ್ಮ, ಒಳ್ಳೆಯ ಪ್ರಶ್ನೆ. ‘ಭವ’ ಅಂದರೆ ಹುಟ್ಟು, ಹುಟ್ಟುಸಾವಿನ ಸುತ್ತು. ಅದರಲ್ಲಿ ಇನ್ನೂ ಸಿಕ್ಕಿಕೊಂಡಿರುವವನು ಭವಿ. ಶರಣರ ಬಳಕೆಯಲ್ಲಿ ಇಷ್ಟಲಿಂಗ ಕಟ್ಟಿಕೊಳ್ಳದವನು ಭವಿ, ಕಟ್ಟಿಕೊಂಡವನು ಭಕ್ತ. ಹೊರಗಿನವನು ಎಂಬ ಅರ್ಥ ಇದ್ದೇ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ‘ಭವಿಪಾಕ’ ಅಂದರೆ ಭವಿ ಮಾಡಿದ ಅಡುಗೆ, ಅದನ್ನು ಉಣ್ಣಬಾರದು ಎಂಬ ಕಟ್ಟಳೆ ಇತ್ತು. ಕಲಚುರಿ ಬಿಜ್ಜಳ ಭವಿ. ಅವನ ಕೆಳಗೆ ಕೆಲಸ ಮಾಡುತ್ತಾನೆ ಎಂದು ಬಸವಣ್ಣನವರನ್ನು ಶರಣರೇ ಆಡಿಕೊಂಡರು. ಬಸವಣ್ಣನವರು ಒಂದು ವಚನದಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ನನ್ನ ಒಡಲಿಗಾಗಿ ನಾನು ಈ ಕೆಲಸ ಮಾಡಿದ್ದರೆ ನನಗೆ ತಲೆದಂಡ ಎನ್ನುತ್ತಾರೆ.

ಆದರೆ ಪಾಷಂಡಿಗೂ ಭವಿಗೂ ದೊಡ್ಡ ವ್ಯತ್ಯಾಸ ಇದೆ. ಭವಿ ಎನ್ನುವುದು ಹುಟ್ಟಿನಿಂದ ಅಂಟುವ ಹೆಸರಲ್ಲ. ದೀಕ್ಷೆ ತೆಗೆದುಕೊಂಡರೆ ಇವತ್ತಿನ ಭವಿ ನಾಳೆ ಭಕ್ತ, ಆಮೇಲೆ ಅವನ ಹಿಂದಿನ ಜಾತಿ ಕುಲ ಕೇಳುವುದೇ ತಪ್ಪು. 12ನೇ ಶತಮಾನದಲ್ಲಿ ಕಲ್ಯಾಣಕ್ಕೆ ಜನ ಬಂದದ್ದು ಆ ತೆರೆದ ಬಾಗಿಲಿಗಾಗಿ. ಇನ್ನೂ ಒಂದು ಮಾತು. ಶರಣರು ಈ ಪದವನ್ನು ತಮ್ಮ ಕಡೆಗೂ ತಿರುಗಿಸಿಕೊಂಡರು. ಭವಿಯನ್ನು ದೂರ ಮಾಡಿದೆವು ಅಂತೀರಲ್ಲ, ನಿಮ್ಮ ಮೈಯ ಗುಣ, ಮನಸ್ಸಿನ ಗುಣ ಭವಿ ಅಲ್ಲವೇ ಎಂದು ಕೇಳುವ ವಚನ ಇದೆ. ಬೆಳಗೊಳದ ಶಾಸನದಲ್ಲಿ ಜೈನರಿಗೆ ‘ಭವ್ಯಜನ’ ಎಂದಿದೆ ಅಂದೆನಲ್ಲ, ಭವ್ಯ ಕೂಡ ಇದೇ ಧಾತುವಿನದು. ಜೈನರಲ್ಲಿ ಭವ್ಯ ಅಂದರೆ ಮೋಕ್ಷಕ್ಕೆ ಯೋಗ್ಯನಾದ ಜೀವ. ಒಂದೇ ಬೇರಿನಿಂದ ಒಂದು ಮನೆಯಲ್ಲಿ ಒಳಗಿನವನಿಗೆ ಹೆಸರು, ಇನ್ನೊಂದು ಮನೆಯಲ್ಲಿ ಹೊರಗಿನವನಿಗೆ ಹೆಸರು. ಗೆಳತಿಗೆ ಇದನ್ನೂ ಹೇಳು.

ಪ್ರಶ್ನೆ: ‘ಮ್ಲೇಚ್ಛ’ ಅಂದರೆ ಬೇರೆ ಧರ್ಮದವರು ಅಂತಲೇ ಮೊದಲಿನಿಂದ ಅರ್ಥವೇ?
— ಓದುಗರು, ಶಿರಸಿ

ಉತ್ತರ: ಇಲ್ಲ. ಅದು ಶುರುವಾದದ್ದು ಮಾತಿನಿಂದ. ಶತಪಥ ಬ್ರಾಹ್ಮಣ ಎಂಬ ವೈದಿಕ ಗ್ರಂಥದಲ್ಲಿ ಅಸುರರು ‘ಹೇಽಲವೋ ಹೇಽಲವಃ’ ಎಂದು ತೊದಲಿ ಸೋತರು, ಆದ್ದರಿಂದ ಹಾಗೆ ಮ್ಲೇಚ್ಛ ಮಾತು ಆಡಬಾರದು ಎಂದಿದೆ. ವ್ಯಾಕರಣಕಾರ ಪತಂಜಲಿ ಇದೇ ಕಥೆಯನ್ನು ವ್ಯಾಕರಣ ಯಾಕೆ ಓದಬೇಕು ಎನ್ನುವುದಕ್ಕೆ ಬಳಸುತ್ತಾನೆ. ಅಂದರೆ ಉಚ್ಚಾರ ಸರಿಯಿಲ್ಲದವನು ಮ್ಲೇಚ್ಛ, ಆಮೇಲೆ ಹೊರಗಿನ ಜನ, ಆಮೇಲೆ ಹೊರಗಿನ ಧರ್ಮ. ಗ್ರೀಕರ ‘ಬಾರ್ಬರೋಸ್’ ಕೂಡ ಹೀಗೇ, ನಮಗೆ ತಿಳಿಯದ ಹಾಗೆ ಬರಬರ ಎನ್ನುವವನು. ಲ್ಯಾಟಿನ್ನಿನ ‘ಪಗಾನುಸ್’ ಮಾತ್ರ ಬೇರೆ ದಾರಿ ಹಿಡಿದು ಬಂದದ್ದು. ಅದರ ಮೊದಲ ಅರ್ಥ ಹಳ್ಳಿಯವನು. ಕ್ರೈಸ್ತರ ಬಾಯಲ್ಲಿ ಅದು ಹಳೆಯ ದೇವರುಗಳನ್ನು ಪೂಜಿಸುವವನು ಎಂದಾಯಿತು, ಇಂಗ್ಲಿಷಿನ ಪೇಗನ್ ಅದೇ.

ಪ್ರಶ್ನೆ: ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಅಶೋಕನ ಮಾತನ್ನು ಮಕ್ಕಳಿಗೆ ಹೇಳುವಾಗ ‘ಪಾಷಂಡ’ ಎಂದೇ ಹೇಳಬೇಕೋ, ಬೇರೆ ಪದ ಹಾಕಬೇಕೋ?
— ಓದುಗರು, ಚಾಮರಾಜನಗರ

ಉತ್ತರ: ಬೇರೆ ಪದ ಹಾಕಿ ಮೇಡಂ, ಮೂಲದ ಪದವನ್ನೂ ಒಂದು ಸಲ ಬೋರ್ಡಿನ ಮೇಲೆ ಬರೆಯಿರಿ. ‘ಧರ್ಮ’ ಎಂದು ಹಾಕಬೇಡಿ. ಅಶೋಕ ಧಂಮ ಎಂಬ ಪದವನ್ನು ಬೇರೆ ಅರ್ಥಕ್ಕೆ ಇಟ್ಟುಕೊಂಡಿದ್ದಾನೆ, ಎರಡೂ ಕಲಸಿಹೋಗುತ್ತವೆ. ‘ಮತ’ ಆಗಬಹುದು, ಆದರೆ ಈಗ ಮಕ್ಕಳಿಗೆ ಮತ ಎಂದರೆ ಚುನಾವಣೆ ನೆನಪಾಗುತ್ತದೆ. ಹಳಗನ್ನಡದಲ್ಲಿ, ಶಾಸನಗಳಲ್ಲಿ ಇದಕ್ಕೆ ಸರಿಹೊಂದುವ ಪದ ‘ಸಮಯ’ ಇತ್ತು, ಬುಕ್ಕನ ಶಾಸನದಲ್ಲೂ ‘ವೈಷ್ಣವ ಸಮಯ’ ಎಂದೇ ಬರುತ್ತದೆ. ಈಗ ಅದು ಗಡಿಯಾರಕ್ಕೆ ಹೋಗಿಬಿಟ್ಟಿದೆ. ಹಾಗಾಗಿ ನಾನು ‘ಪಂಥ’ ಎನ್ನುತ್ತೇನೆ. ‘ನನ್ನ ಪಂಥ, ಬೇರೆಯವರ ಪಂಥ’ ಎಂದು ಎರಡನ್ನೂ ಒಟ್ಟಿಗೆ ಹೇಳಿ. ಒಂದನ್ನೇ ಹೇಳಬೇಡಿ.